ಟೋಪಿಯ ಗೆರೆ

ಪಾದಗಳು, ಮೊದಲು ಕಂಡದ್ದು ಪಾದಗಳೇ, ಚಾಪೆಯ ಅಂಚಿಗೆ ಒಂದರ ಹಿಂದೊಂದು ಬಂದು ನಿಲ್ಲುತ್ತಿವೆ, ಬಾಗಿದ ತಲೆಗೆ ಕಾಣುವುದು ಅಷ್ಟೇ, ಭಿಕ್ಷುಗಳು ಹೊಸ್ತಿಲು ದಾಟುವಾಗ ಮನೆಯವನು ತಲೆ ಎತ್ತಬಾರದು, ಎತ್ತಿದರೆ ಅವ್ವನ ಬೆರಳ ಗೆಣ್ಣು ನೆತ್ತಿಗೆ ಟಣ್ಣೆಂದು ಬೀಳುತ್ತಿತ್ತು, ಅವ್ವ ಹೋಗಿ ಎಷ್ಟು ಕಾಲವಾಯಿತು, ನೆತ್ತಿ ಮಾತ್ರ ಇನ್ನೂ ಆ ಪೆಟ್ಟಿಗೆ ಹೆದರಿ ಬಾಗಿಯೇ ಇದೆ — ಬಂದರು, ಅಂತೂ ಬಂದರು, ಐವರು. ಥೌಂಗ್ ಪೆ ಅಂಗೈಗಳನ್ನು ಊರಿ ಹಣೆಯನ್ನು ಚಾಪೆಗೆ ಮುಟ್ಟಿಸಿದ, ಬುದ್ಧನಿಗೊಂದು, ಧರ್ಮಕ್ಕೊಂದು, ಸಂಘಕ್ಕೊಂದು, ಮೂರನೆಯದಕ್ಕೆ ಸೊಂಟ ಕಟಕ್ಕೆಂದಿತು, ಒಂದು ಕಾಲಕ್ಕೆ ಈ ದೇಶದ ಶಾಲೆ ಶಾಲೆಯ ಗೋಡೆಯ ಮೇಲೆ, ಅಂಚೆ ಕಚೇರಿಗಳಲ್ಲಿ, ರೈಲ್ವೆ ನಿಲ್ದಾಣಗಳಲ್ಲಿ ಚೌಕಟ್ಟಿನ ಚಿತ್ರದೊಳಗೆ ಪದಕಗಳ ಭಾರ ಹೊತ್ತು ನೆಟ್ಟಗೆ ನಿಂತಿದ್ದ ಸೊಂಟ. ಬಂದರು ನೋಡೋ ಥೌಂಗ್ ಪೆ, ಎಂದು ಬೆನ್ನ ಹಿಂದಿನಿಂದ ಪಿಸುಮಾತು, ಹೆಂಡತಿಯ ಅಕ್ಕ ಓನ್ ತಿನ್, ದೇಶವೆಲ್ಲ ಬೋಜೋಕ್, ಮಹಾಸೇನಾಪತಿ, ಎಂದು ಕೈಮುಗಿದ ಕಾಲದಲ್ಲೂ ಅವನನ್ನು ಏಕವಚನದಲ್ಲಿ ಕರೆದು ಬದುಕಿ ಉಳಿದವಳು ಅವಳೊಬ್ಬಳೇ. ಹೆಂಡತಿ ಸತ್ತು ಇವತ್ತು ಏಳನೆಯ ದಿನ. ನ್ವೇ ಯಿನ್ ಇನ್ನೂ ಈ ಮನೆಯಲ್ಲೇ ಇದ್ದಾಳೆ, ಸತ್ತವರ ಜೀವ ಚಿಟ್ಟೆಯ ಹಾಗೆ ಏಳು ದಿನ ತನ್ನ ಮನೆಯಲ್ಲೇ ಸುಳಿದಾಡುತ್ತದೆ, ಅದಕ್ಕೇ ಕಿಟಕಿಗಳಿಗೆ ಅಗುಳಿ ಹಾಕಿಲ್ಲ, ಅವಳು ಕೂರುತ್ತಿದ್ದ ಬೆತ್ತದ ಕುರ್ಚಿಯಲ್ಲಿ ಯಾರೂ ಕೂತಿಲ್ಲ, ಭಿಕ್ಷುಗಳಿಗೆ ಉಣಬಡಿಸಿ, ಹನಿಹನಿಯಾಗಿ ನೀರು ಬಿಟ್ಟು, ಈ ಪುಣ್ಯದಲ್ಲಿ ನಿನಗೂ ಪಾಲಿದೆ, ತಗೋ, ಎಂದು ಮೂರು ಸಲ ಕರೆದು ಹೇಳಿದರೆ ಅವಳು ಹೊರಡಬಹುದು, ಹೇಳದಿದ್ದರೆ ಹೊರಡಲಾರಳು, ಹಸಿದವಳ ಹಾಗೆ ಈ ಗೋಡೆಗಳ ನಡುವೆಯೇ, ದಿಕ್ಕಿಲ್ಲದೆ — ಅದೂ ಸೂರ್ಯ ನೆತ್ತಿಗೆ ಬರುವ ಮೊದಲೇ ಆಗಬೇಕು, ನಡುಹಗಲು ಕಳೆದರೆ ಭಿಕ್ಷುಗಳು ಅನ್ನ ಮುಟ್ಟುವುದಿಲ್ಲ. ಯಾರೂ ಬರಲಾರರು ಎಂದೇ ಅಂದುಕೊಂಡಿದ್ದ. ನಾನು ಕರ್ಕೊಂಡ್ ಬರ್ತೀನಿ ಬೋಜೋಕ್, ತಾವು ಚಿಂತೆ ಮಾಡ್ಬೇಡಿ, ಎಂದಿದ್ದ ಮೇಜರ್ ಫೋ ಚೋ, ಪ್ರಾಯದಿಂದಲೂ ಅವನ ಬೆನ್ನಿಗಿದ್ದವನು, ಎಲ್ಲಿಂದ ಎಂದು ಅವನೂ ಹೇಳಲಿಲ್ಲ, ಇವನೂ ಕೇಳಲಿಲ್ಲ, ಕೇಳಬಾರದ್ದನ್ನು ಕೇಳದೆ ಇರುವುದು ಇಬ್ಬರಿಗೂ ಅಭ್ಯಾಸವಾಗಿ ಹೋದ ವಿದ್ಯೆ.

ಬರಲಾರರು ಎಂದು ಯಾಕೆ ಅಂದುಕೊಂಡೆ, ಯಾಕೆಂದರೆ ಪಾತ್ರೆ ಮಗುಚಿದೆ, ಆ ಕೆಟ್ಟ ವರ್ಷದಿಂದ ಈ ಮನೆಯ ಪಾಲಿಗೆ ಪಾತ್ರೆ ಮಗುಚಿಯೇ ಇದೆ, ಸಂಘ ಯಾರ ಮೇಲೂ ಕೈ ಎತ್ತುವುದಿಲ್ಲ, ಬಯ್ಯುವುದಿಲ್ಲ, ಶಾಪ ಹಾಕುವುದಿಲ್ಲ, ನಿನ್ನ ಅನ್ನ ನಮಗೆ ಬೇಡ ಎಂದು ಭಿಕ್ಷಾಪಾತ್ರೆಯನ್ನು ಮಗುಚಿ ಹಿಡಿದು ಮುಂದೆ ನಡೆಯುತ್ತದೆ, ಅಷ್ಟೇ, ಅಷ್ಟಕ್ಕೇ ಮನೆ ಮಸಣವಾಗುತ್ತದೆ. ಬೆಳಗಾದರೆ ನ್ವೇ ಯಿನ್ ಬಿಸಿ ಅನ್ನದ ಬೋಗುಣಿ ಹಿಡಿದು ಗೇಟಿನಲ್ಲಿ ನಿಲ್ಲುವಳು, ಕೆನ್ನೆಗೆ ತನಾಕಾ ಗಂಧ, ಕೊರಳಿಗೆ ಕಂದು ಶಾಲು, ಹುಣಿಸೆ ಸಾಲಿನ ಕೆಳಗೆ ಭಿಕ್ಷುಗಳು ಒಬ್ಬರ ಹಿಂದೊಬ್ಬರು ಬರುವರು, ಪಕ್ಕದ ಮನೆಯ ಮುಂದೆ ಪಾತ್ರೆಯ ಮುಚ್ಚಳ ತೆಗೆಯುವರು, ಇವಳ ಮುಂದೆ ಬಂದಾಗ ಪಾತ್ರೆ ಮಗುಚಿಕೊಳ್ಳುವುದು, ಕಣ್ಣು ನೆಲದಲ್ಲಿ, ಪಾದ ನಿಲ್ಲದು, ಇವಳ ಸೌಟು ಗಾಳಿಯಲ್ಲಿ. ಒಳಗೆ ಬಾ, ಯಾಕೆ ದಿನಾ ಮಾನ ಕಳೀತೀಯ, ಎಂದು ಇವನು ಮಹಡಿಯಿಂದ ಕೂಗಿದರೆ, ಅವರು ಬೇಡ ಅನ್ನೋದು ಅವರ ಧರ್ಮ, ನಾನು ಇಡೋದು ನನ್ನದು, ಮಾನ ನಿಮ್ಮದು, ಅದನ್ನ ನೀವೇ ಇಟ್ಕೊಳ್ಳಿ, ಎನ್ನುವಳು, ಆಮೇಲೆ ಆ ಅನ್ನ ಕಾಗೆಗೆ, ನಾಯಿಗೆ, ಒಮ್ಮೆ ಓನ್ ತಿನ್ ನಕ್ಕು ಅಂದಿದ್ದಳು, ಈ ಬೀದಿ ನಾಯಿಗಳೆಲ್ಲ ಮುಂದಿನ ಜನ್ಮದಲ್ಲಿ ಮಂತ್ರಿಗಳಾಗ್ತಾವೆ ಬಿಡು, ನಿನ್ನ ಕೈಲಿ ಅಷ್ಟು ಪುಣ್ಯದ ಅನ್ನ ಉಂಡಿದಾವೆ. ಬೇರೆ ದಂಡನಾಯಕರೆಲ್ಲ ಒಬ್ಬೊಬ್ಬರಾಗಿ ಹೋಗಿ ಸಂಘದ ಮುಂದೆ ಮಂಡಿಯೂರಿ ತಮ್ಮ ತಪ್ಪು ಹೇಳಿ ಕ್ಷಮೆ ಬೇಡಿಬಂದರು, ಅವರವರ ಮನೆಗೆ ಪಾತ್ರೆ ಮೇಲಾಯಿತು. ಇವನು ಹೋಗಲಿಲ್ಲ. ಹೇಳುವುದೇನಿದೆ, ದೇಶ ಹೋಳಾಗುತ್ತಿತ್ತು, ಕಾಪಾಡಿದೆ, ಕಾಪಾಡಿದ್ದಕ್ಕೆ ಯಾರಾದರೂ ಕ್ಷಮೆ ಕೇಳುತ್ತಾರೆಯೇ. ಆಸ್ಪತ್ರೆಯ ಮಂಚದಲ್ಲಿ ನ್ವೇ ಯಿನ್‌ಳ ಒಣಗಿದ ತುಟಿ, ಕೋ ಥೌಂಗ್, ವಿಹಾರ ಇಲ್ಲೇ ಹುಣಿಸೆ ಸಾಲು ಮುಗಿಯೋ ಕಡೆ ಇದೆ, ಒಂದ್ಸಲ ಹೋಗ್ಬನ್ನಿ, ಮಂಡಿ ಊರೋದಕ್ಕೆ ಎಷ್ಟು ಹೊತ್ತು ಬೇಕು. ನೋಡೋಣ, ಎಂದೆ. ನೀನು ಮೊದಲು ಹುಷಾರಾಗು, ಆಮೇಲೆ ನೋಡೋಣ. ಅವಳು ನೋಡಿದಳು, ನನ್ನನ್ನೇ, ತುಂಬ ಹೊತ್ತು, ಆಮೇಲೆ ಗೋಡೆಯ ಕಡೆ ತಿರುಗಿಕೊಂಡಳು.

ಪಾದಗಳು ಈಗ ಮಡಿಚಿಕೊಂಡು ಕೂತಿವೆ, ಉಟ್ಟ ಚೀವರದ ಅಂಚಿನಿಂದ ಒಂದೊಂದು ಇಣುಕುತ್ತಿದೆ, ಏನೋ ಸರಿಯಿಲ್ಲ, ಏನು, ಬೆಳ್ಳಗಿವೆ, ಭಿಕ್ಷುವಿನ ಪಾದ ಇಷ್ಟು ಬೆಳ್ಳಗೆ ಇರುತ್ತದೆಯೇ, ದಿನಾ ಬರಿಗಾಲಲ್ಲಿ ಭಿಕ್ಷೆಗೆ ನಡೆದು ಬೆರಳುಗಳು ಶುಂಠಿಯ ಕವಲಿನಂತೆ ಅಗಲವಾಗಿ ಹರಡಿರಬೇಕು, ಹಿಮ್ಮಡಿ ಬಿರಿದಿರಬೇಕು, ಇವು ಬೆರಳಿಗೆ ಬೆರಳು ಒತ್ತಿಕೊಂಡು ಮೊನಚಾಗಿವೆ, ಕಿರುಬೆರಳ ಮೇಲೆ ಆಣಿ, ಹಿಮ್ಮಡಿಯ ಮೇಲ್ಗಡೆ ಗಟ್ಟಿ ಚರ್ಮ — ಇಂಥ ಪಾದಗಳನ್ನು ನಾನು ನೋಡಿದ್ದೇನೆ, ಸಾವಿರಗಟ್ಟಲೆ ನೋಡಿದ್ದೇನೆ, ಬೇಡ, ನೋಡಬೇಡ, ತಲೆ ಬಾಗಿಸು. ಅಪ್ಪನ ಪಾದ ಹೀಗಿರಲಿಲ್ಲ, ಐರಾವತಿಯಲ್ಲಿ ದೋಣಿ ನಡೆಸುತ್ತಿದ್ದವನ ಪಾದ ಬಾತುಕೋಳಿಯ ಪಾದ, ಮರಳು ದಿಬ್ಬದ ಮೇಲೆ ಅವನ ಹೆಜ್ಜೆ ಯಾವುದು ಎಂದು ಊರಿಗೇ ಗೊತ್ತಾಗುತ್ತಿತ್ತು. ಬರಗಾಲದ ವರ್ಷ ಸೈನ್ಯಕ್ಕೆ ಸೇರಿದಾಗ ಮೊದಲು ಕೊಟ್ಟದ್ದು ಬೂಟು, ಬೆರಳು ಹಿಡಿಸಲಿಲ್ಲ, ಕಾಲನ್ನ ಬೂಟಿಗೆ ತಕ್ಕ ಹಾಗೆ ಮಾಡ್ಕೋ, ಬೂಟು ನಿನ್ನ ಕಾಲಿಗೆ ತಕ್ಕ ಹಾಗೆ ಆಗಲ್ಲ, ಎಂದ ಹವಾಲ್ದಾರ, ಎಲ್ಲರೂ ನಕ್ಕರು, ಅವತ್ತು ಕಲಿತದ್ದೇ ಪಾಠ, ಗುಡ್ಡಗಾಡಿನ ಯುದ್ಧ, ಮಲೇರಿಯ, ಪದಕ, ಇನ್ನೊಂದು ಪದಕ, ಮೇಲೆ ಇದ್ದವರು ಒಬ್ಬೊಬ್ಬರಾಗಿ ಸತ್ತರು, ಮುದುಕರಾದರು, ಜೈಲು ಸೇರಿದರು, ಒಂದು ಬೆಳಗ್ಗೆ ರೇಡಿಯೋದಲ್ಲಿ ಮಾತಾಡುತ್ತಿದ್ದದ್ದು ತನ್ನದೇ ಧ್ವನಿ, ದೇಶದ ಹಿತಕ್ಕಾಗಿ, ತಾತ್ಕಾಲಿಕವಾಗಿ. ಆ ತಾತ್ಕಾಲಿಕದಲ್ಲಿ ಕೂದಲು ನರೆಯಿತು. ಅಪ್ಪ ಆಗ ಇನ್ನೂ ಇದ್ದ, ನೋಡಲು ಹೋದರೆ ದೋಣಿಯ ಬಿರುಕಿಗೆ ರಾಳ ಮೆತ್ತುತ್ತ ಕೂತಿದ್ದ, ನಿನ್ನ ಧ್ವನಿ ಬಂದಾಗ ದೋಣಿ ತುಂಬ ಜನ ಇದ್ರು ಕಣಪ್ಪ, ಯಾರೋ ಒಬ್ಬ ರೇಡಿಯೋ ಹಿಡ್ಕೊಂಡಿದ್ದ, ಒಬ್ರೂ ಬಾಯಿ ಬಿಡಲಿಲ್ಲ. ಯಾಕಪ್ಪ, ಸಂತೋಷಕ್ಕಾ. ಅದೇನೋ ಗೊತ್ತಿಲ್ಲ, ನಡುನೀರಲ್ಲಿದ್ವಿ, ಇಳಿದು ಹೋಗೋ ಹಾಗಿರಲಿಲ್ಲ ಯಾರೂ. ಅಷ್ಟು ಹೇಳಿ ಮತ್ತೆ ರಾಳಕ್ಕೆ ಕೈ ಹಾಕಿದ. ಮನ್ನಿಸಿದನೋ, ಹಂಗಿಸಿದನೋ, ಇವತ್ತಿಗೂ ತಿಳಿದಿಲ್ಲ. ಮೊನ್ನೆ ನ್ವೇ ಯಿನ್‌ಳ ಬಾಯಲ್ಲಿ ಕಾಸು ಇಡುವಾಗ, ಆಚೆ ದಡಕ್ಕೆ ದಾಟಿಸುವವನ ಕೂಲಿ ಅದು, ಅಪ್ಪ ಅಲ್ಲಿದ್ದರೆ ಇವಳ ಹತ್ತಿರ ಕಾಸು ತೆಗೆದುಕೊಳ್ಳುವುದಿಲ್ಲ, ಎಂದು ಒಂದು ಯೋಚನೆ, ಕಾಸು ಅವಳ ಹಲ್ಲಿಗೆ ತಾಗಿ ಸದ್ದಾಯಿತು.

ತಲೆ ಎತ್ತಬಾರದಿತ್ತು. ಊಟದ ಮಣೆಯನ್ನು ಎರಡೂ ಕೈಯಲ್ಲಿ ಎತ್ತಿ ಭಿಕ್ಷುಗಳಿಗೆ ಒಪ್ಪಿಸಬೇಕು, ಆಗಲೂ ಕಣ್ಣು ಕೆಳಗೇ ಇರಬಹುದಿತ್ತು, ಇರಬೇಕಿತ್ತು, ಆದರೆ ಐದು ಜನ ಒಂದು ಸಾಲಿನಲ್ಲಿ ಕೂತಿದ್ದಾರೆ ಎಂದರೆ ಈ ಕಣ್ಣು ಸುಮ್ಮನಿರದು, ಸಾಲು ಕಂಡರೆ ಬಲದಿಂದ ಎಡಕ್ಕೆ ತಾನೇ ಹರಿಯುತ್ತದೆ, ಗುಂಡಿ ಸರಿಯಿದೆಯೇ, ಗದ್ದ ಎತ್ತಿದೆಯೇ, ಹುಟ್ಟುಗುಣವಲ್ಲ, ಅದಕ್ಕಿಂತ ಗಟ್ಟಿಯಾದ ಬಾಳಿನ ಗುಣ, ಎತ್ತಿದ, ನೋಡಿದ, ಬೋಳುತಲೆಗಳು, ಐದೂ ತಲೆ ಸುಣ್ಣದಂತೆ ಬೆಳ್ಳಗೆ, ಹುಬ್ಬಿನ ಮೇಲೆ ಎರಡು ಬೆರಳಷ್ಟು ಬಿಟ್ಟು ಒಂದು ಗೆರೆ, ಗೆರೆಯ ಕೆಳಗೆ ಬಿಸಿಲು ಸುಟ್ಟ ಕಂದು ಮುಖ, ಗೆರೆಯ ಮೇಲೆ ಬಿಸಿಲೇ ಕಾಣದ ಬಿಳಿ ಚರ್ಮ, ಟೋಪಿಯ ಗೆರೆ, ಸಿಪಾಯಿಯ ಟೋಪಿ ಕೂರುವ ಗೆರೆ. ಮಣೆ ಕೈಯಲ್ಲೇ ಇತ್ತು. ಮೀನಿನ ಸಾರು ಬಟ್ಟಲಲ್ಲಿ ತುಳುಕಿತು. ಜೋಪಾನ ಕಣೋ, ಎಂದಳು ಓನ್ ತಿನ್. ಒಪ್ಪಿಸಿದ. ಐದು ಜೊತೆ ಕೈಗಳು ಒಂದೇ ಹೊತ್ತಿಗೆ ಮಣೆಯ ಅಂಚು ಮುಟ್ಟಿದವು, ಒಂದೇ ಹೊತ್ತಿಗೆ, ಕವಾಯತು. ಮೂಲೆಯಲ್ಲಿ ಕೈಕಟ್ಟಿ ನಿಂತ ಫೋ ಚೋನ ಮುಖ ನೋಡಿದ, ಫೋ ಚೋ ನೆಲ ನೋಡಿದ. ಇವನಿಗೆ ಈ ಉಪಾಯ ಕಲಿಸಿದವರು ಯಾರು, ಕಲಿಸಿದ್ದು ನಾನೇ. ಆ ಕೆಟ್ಟ ವರ್ಷ, ಅಕ್ಕಿಯ ಬೆಲೆ ಏರಿತ್ತು, ಭಿಕ್ಷುಗಳು ಬೀದಿಗಿಳಿದು ಮೈತ್ರಿಯ ಸೂತ್ರ ಹೇಳುತ್ತ ನಡೆದರು, ಅವರ ಹಿಂದೆ ಊರಿಗೆ ಊರೇ, ಮುಂದಾಳುಗಳು ಯಾರು ಎಂದು ತಿಳಿಯಬೇಕಿತ್ತು, ವಿಹಾರಗಳ ಒಳಗೆ ಕಣ್ಣು ಬೇಕಿತ್ತು, ಮೈದಾನದಲ್ಲಿ ಆಯ್ದ ಸಿಪಾಯಿಗಳ ತಲೆ ಬೋಳಿಸಿ ಚೀವರ ಉಡಿಸಿ ಸಾಲು ನಿಲ್ಲಿಸಿದರು, ತಪಾಸಣೆಗೆ ಹೋದೆ, ನೋಡಿದೆ, ನಗು ಬಂತು, ಎಲ್ಲರ ತಲೆಗೂ ಗೆರೆ. ಇವರನ್ನ ನೋಡಿದ್ರೆ ಹಾಲು ಕುಡಿಯೋ ಮಗೂನೂ ಸಿಪಾಯಿ ಅನ್ನತ್ತೆ, ಬಿಸಿಲಿಗೆ ಕೂರಿಸಿ, ತಲೆ ಕಾಯಲಿ, ಗೆರೆ ಅಳಿಸೋವರೆಗೂ ಕಾಯಲಿ. ಕೂರಿಸಿದರು, ಬೆಳಗಿನಿಂದ ಸಂಜೆಯ ತನಕ, ತಲೆಗಳು ಕೆಂಪಾದವು, ಬೊಬ್ಬೆ ಎದ್ದವು, ಸಿಪ್ಪೆ ಸುಲಿದವು, ಆಮೇಲೆ ಕಂದಿದವು, ಗೆರೆ ಹೋಯಿತು. ಅವರೆಲ್ಲ ಒಳಗೆ ಹೋದರು, ಕೆಲಸ ಮುಗಿಸಿ ಹೊರಗೆ ಬಂದರು, ಕೂದಲು ಬೆಳೆಸಿದರು, ಟೋಪಿ ಇಟ್ಟರು. ಒಬ್ಬನನ್ನು ಬಿಟ್ಟು.

ಪಾಪ, ಎಷ್ಟು ಹಸಿದಿದ್ದಾರೆ ನೋಡು, ಎನ್ನುತ್ತಾಳೆ ಓನ್ ತಿನ್, ಇನ್ನೊಂದಿಷ್ಟು ಮೀನು ಹಾಕಲಾ ಭಂತೇ, ಹಾಕಿಸಿಕೊಳ್ಳುತ್ತಾರೆ, ಬೇಗ ಬೇಗ ನುಂಗುತ್ತಾರೆ, ಲಾರಿ ಹೊರಡುವ ಮೊದಲು ಉಣ್ಣಬೇಕಾದವರ ಹಾಗೆ, ಕೊನೆಯವನು ಬೆರಳು ನೆಕ್ಕಹೋಗಿ ನೆನಪಾಗಿ ನಿಲ್ಲಿಸಿದ. ನಗಬಹುದಿತ್ತು, ನ್ವೇ ಯಿನ್ ಇದ್ದಿದ್ದರೆ ನಗುತ್ತಿದ್ದಳು, ಇದ್ದಾಳೆ, ಇಲ್ಲೇ ಇದ್ದಾಳೆ, ಬೆತ್ತದ ಕುರ್ಚಿಯ ಹತ್ತಿರ ಎಲ್ಲೋ, ನೋಡುತ್ತಿದ್ದಾಳೆಯೇ. ಭಿಕ್ಷು ಎಂದು ನಂಬಿ, ತಲೆ ಬಾಗಿಸಿ, ಸಂಘಕ್ಕೆಂದು ಕೊಟ್ಟರೆ, ತೆಗೆದುಕೊಂಡವನು ಯೋಗ್ಯನಲ್ಲದಿದ್ದರೂ ಕೊಟ್ಟವನ ಪುಣ್ಯ ಕೆಡುವುದಿಲ್ಲ, ಹುಡುಗನಾಗಿದ್ದಾಗ ಶ್ರಾಮಣೇರನಾಗಿ, ಎಳೆಯ ಭಿಕ್ಷುವಾಗಿ, ವಿಹಾರದಲ್ಲಿ ಕಳೆದ ಒಂದು ಮಳೆಗಾಲ ಗುರುಗಳು ಹೇಳಿಕೊಟ್ಟದ್ದು, ನಂಬಿದರೆ, ತಿಳಿಯದಿದ್ದರೆ. ತಲೆ ಎತ್ತದೆ ಇದ್ದಿದ್ದರೆ ಈ ಹೊತ್ತಿಗೆ ಅವಳ ಪಾಲಿನ ಪುಣ್ಯ ಅವಳಿಗೆ ಸಂದುಹೋಗುತ್ತಿತ್ತು, ನೋಡಿದೆ, ತಿಳಿಯಿತು, ತಿಳಿದದ್ದನ್ನು ಮತ್ತೆ ತಿಳಿಯದಂತೆ ಮಾಡಲು ಯಾವ ಆಜ್ಞೆ ಹೊರಡಿಸಲಿ. ಫೋ ಚೋ ಬಗ್ಗಿ ನೀರಿನ ಹೂಜಿ ಕೈಗಿಟ್ಟ, ಬೆಳ್ಳಿಯ ಹೂಜಿ, ಕಿವಿಯ ಹತ್ತಿರ ಅವನ ಬಿಸಿಯುಸಿರು, ಎಲ್ಲ ವಿಹಾರಗಳಿಗೂ ಹೋಗಿದ್ದೆ ಬೋಜೋಕ್, ಕಾಲಿಗೆ ಬಿದ್ದೆ, ಯಾರೂ ಬರಲಿಲ್ಲ, ಇವರೂ ಹುಡುಗರಾಗಿದ್ದಾಗ ಚೀವರ ಉಟ್ಟವರೇ, ಮಂತ್ರ ಬರುತ್ತೆ, ತಪ್ಪಿಲ್ಲದೆ ಹೇಳ್ತಾರೆ, ಅಮ್ಮಾವ್ರಿಗೋಸ್ಕರ, ಸುರೀರಿ. ಅವನ ಕಣ್ಣು ಒದ್ದೆಯಾಗಿದೆ, ಅವಳ ಕೈಯ ಅನ್ನ ಅವನೂ ಉಂಡವನು. ಒಬ್ಬನನ್ನು ಬಿಟ್ಟು, ಕ್ಯಾ ಹ್ಲ, ಒಣನಾಡಿನ ಸಿಪಾಯಿ, ಕೆಲಸ ಮುಗಿದರೂ ಹೊರಗೆ ಬರಲಿಲ್ಲ, ದೂರದ ಬೆಟ್ಟದ ವಿಹಾರವೊಂದರಲ್ಲಿ ಸಿಕ್ಕ, ಹಿಡಿದು ತಂದು ಇದೇ ಕೋಣೆಯಲ್ಲಿ ನಿಲ್ಲಿಸಿದರು, ಸೆಲ್ಯೂಟ್ ಹೊಡೆಯಲಿಲ್ಲ, ಸಿಪಾಯಿ, ಚೀವರ ತೆಗಿ, ಎಂದೆ. ದಾಯಕರೇ, ಎಂದ. ನನ್ನ ಪಡೆಯ ಸಿಪಾಯಿ, ಸಂಬಳ ತಿಂದವನು, ಭಿಕ್ಷುವು ಗೃಹಸ್ಥನನ್ನು ಕರೆಯುವ ಹಾಗೆ ನನ್ನನ್ನು ದಾಯಕರೇ ಎಂದ, ಉಡಿಸಿದ್ದು ನೀವು, ಆಮೇಲೆ ಗುರುಗಳು ನನಗೆ ವಿಧಿಯಂತೆ ದೀಕ್ಷೆ ಕೊಟ್ಟಿದ್ದಾರೆ, ತೆಗೆಯೋದು ಈಗ ನನ್ನ ಕೈಲಿಲ್ಲ, ನಿಮ್ಮ ಕೈಲೂ ಇಲ್ಲ. ಆ ಹೊತ್ತಿಗೇ ಚಹಾ ತಂದ ನ್ವೇ ಯಿನ್, ತಟ್ಟೆಯನ್ನು ನೆಲಕ್ಕಿಟ್ಟು, ಎಲ್ಲ ಅಧಿಕಾರಿಗಳ ಎದುರಿಗೆ, ಮಂಡಿಯೂರಿ ಅವನಿಗೆ ಮೂರು ಸಲ ನಮಸ್ಕಾರ ಮಾಡಿದಳು. ಏಳೇ, ಅವನು ನನ್ನ ಸಿಪಾಯಿ, ಎಂದು ಗದರಿದೆ. ಅವಳು ಏಳಲಿಲ್ಲ. ಅವನ ತಲೆ ಅವಳ ಮೇಲೆ ಬಾಗಿತ್ತು, ಹರಸುವ ಹಾಗೆ, ಕಿಟಕಿಯ ಬೆಳಕು ಆ ತಲೆಯ ಮೇಲೆ, ಹದವಾಗಿ ಸುಟ್ಟ ಮಡಕೆಯ ಬಣ್ಣ, ನೆತ್ತಿಯಿಂದ ಹುಬ್ಬಿನವರೆಗೆ ಒಂದೇ ಬಣ್ಣ.

ಸಾಲಿನ ಮೊದಲಿನವನು ಗಂಟಲು ಸರಿಮಾಡಿಕೊಂಡು ಮಂತ್ರ ಶುರುಮಾಡಿದ, ತಪ್ಪಿಲ್ಲ, ಒಂದಕ್ಷರ ತಪ್ಪಿಲ್ಲ, ಥೌಂಗ್ ಪೆ ಹೂಜಿಯನ್ನು ಬಾಗಿಸಿದ, ನೀರು ಹೂಜಿಯ ಮೂತಿಗೆ ಬಂದು ದುಂಡಗೆ ನಿಂತಿತು, ಇನ್ನು ಕೂದಲೆಳೆಯಷ್ಟು ಬಾಗಿಸಿದರೆ ಕೆಳಗಿನ ಬಟ್ಟಲಿಗೆ ಬೀಳುತ್ತದೆ, ಆ ಬಟ್ಟಲನ್ನು ಒಯ್ದು ಮರದ ಬುಡಕ್ಕೆ ಸುರಿಯಬೇಕು, ಯಾರು ಏನು ಕೊಟ್ಟರು ಎಂಬುದಕ್ಕೆ ವಸುಂಧರೆ ಸಾಕ್ಷಿ, ಅವಳು ಈ ನೀರನ್ನು ತನ್ನ ಮುಡಿಯಲ್ಲಿ ಹಿಡಿದಿಡುತ್ತಾಳೆ, ಅವಳು ಮರೆಯುವುದಿಲ್ಲ — ಯಾವ ಪಡೆ ನೀನು, ಎಂದು ಕೇಳಿತು ಬಾಯಿ, ಮೆಲ್ಲಗೆ, ತಾನಾಗಿ. ಮಂತ್ರ ನಿಂತಿತು. ಕೂತವನ ಬೆನ್ನು ನೆಟ್ಟಗಾಯಿತು, ಗದ್ದ ಎದ್ದಿತು, ಬಾಯಿ ತೆರೆದ, ಫೋ ಚೋನ ಕಡೆ ನೋಡಿ ಮುಚ್ಚಿಕೊಂಡ. ಅಕ್ಕ ಕೇಳಿಸಿಕೊಂಡಳು, ಅಯ್ಯೋ ಅಕ್ಕನಿಗೆ ತಿಳಿಯಿತು, ಈ ಮುದುಕಿ, ತಂಗಿಗೆ ಬಿಡುಗಡೆಯಾಯಿತು ಎಂದು ನಂಬಿಕೊಂಡಿದ್ದಳು, ಇವಳಿಗೆ ಏನು ಹೇಳಲಿ. ಸುರಿಯೋ, ಎಂದಳು ಓನ್ ತಿನ್, ಜೋಡಿಸಿದ ಕೈ ಬಿಡಿಸದೆ, ನಿಲ್ಲಿಸ್ಬೇಡ, ಸುರಿ, ಇವರು ಯಾರು ಅಂತ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸಾಲು ನೋಡಿದಾಗಲೇ ನಂಗೊತ್ತಾಯ್ತು, ದಾರ ಹಿಡಿದು ಜೋಡಿಸಿದ ಹಾಗೆ ಬಿಟ್ಟಿದ್ದಾರೆ, ಯಾವ ಭಿಕ್ಷು ಹಾಗೆ ಬಿಡ್ತಾನೆ. ಗೊತ್ತಿದ್ದೂ ಸುಮ್ನಿದ್ಯಾ ಅಕ್ಕ. ಮತ್ತೇನ್ ಮಾಡ್ಲಿ, ನನಗೆ ತಿಳಿದ್ರೂ ಅವಳಿಗೆ ತಿಳಿಯದೆ ಹೋಗಲಿ ಅಂತಿದ್ದೆ, ಅವಳು ಮೊದಲಿಂದ ಮೊದ್ದು, ಯಾರು ಚೀವರ ಉಟ್ರೂ ನಮಸ್ಕಾರ ಮಾಡೋಳು, ಹೋಗಿಬಿಡ್ತಿದ್ಲು, ಖುಷಿಯಾಗಿ ಹೋಗಿಬಿಡ್ತಿದ್ಲು. ಈಗ ಅವಳಿಗೂ ಕೇಳಿಸ್ತು, ನೀನು ಕೇಳಿದ್ದು. ಅಕ್ಕನ ಧ್ವನಿ ಏರಲಿಲ್ಲ, ಇಳಿಯಿತು, ಹುಣಿಸೆ ಸಾಲಿನ ತುದೀಲಿ ವಿಹಾರ, ನಿನ್ನ ಮಂಡಿ ಬಾಗಿದ್ರೆ ಈ ಮಕ್ಕಳ ತಲೆ ಬೋಳಾಗ್ತಿರಲಿಲ್ಲ ಕಣೋ ಬೋಜೋಕ್. ಎಂದೂ ಕರೆಯದವಳು ಬೋಜೋಕ್ ಎಂದಳು. ಬೈಗುಳದ ಹಾಗೆ ಕೇಳಿಸಿತು. ಐದು ತಲೆಗಳು ಬಾಗಿದ್ದವು, ಐದೂ ಬಿಳಿ, ಎಳೆಯ ಮಕ್ಕಳ ನೆತ್ತಿಯ ಹಾಗೆ ಬಿಳಿ, ಇವರಿಗೂ ಹುಬ್ಬಿನ ಮೇಲೆ ಗೆರೆ, ನನ್ನ ಕೈ ಎಳೆದ ಗೆರೆ.

ಹೂಜಿಯನ್ನು ನೆಲಕ್ಕಿಟ್ಟ. ಎದ್ದ. ಎಲ್ಲಿಗೆ ಬೋಜೋಕ್, ಕಾರು ತರಿಸ್ತೀನಿ, ಕೊಡೆ, ಚಪ್ಪಲಿ, ಎಂದು ಫೋ ಚೋ ಹಿಂದಿನಿಂದ, ಅವನನ್ನ ಬಿಡೋ ಮಾರಾಯ, ಒಂದ್ಸಲವಾದ್ರೂ ಒಬ್ಬನೇ ನಡೀಲಿ, ಎಂದು ಅಕ್ಕ, ಗೇಟಿನಲ್ಲಿ ಕಾವಲಿನವನು ಬಂದೂಕು ಎದೆಗೆ ತಂದು ನಿಂತ, ಡಾಂಬರು ಕಾದಿದೆ, ಬರಿಗಾಲು, ಬೂಟಿನಲ್ಲಿ ಮೊನಚಾದ ಕಾಲು, ಚುರ್ರೆನ್ನುತ್ತಿದೆ, ನೆರಳಿಂದ ನೆರಳಿಗೆ, ಹುಣಿಸೆಯ ನೆರಳು ಬುಡಕ್ಕೆ ಸರಿದಿದೆ, ಹೊತ್ತು ಆಗುತ್ತಿದೆ, ಹಣ್ಣಿನಂಗಡಿಯ ಹೆಂಗಸು ತಕ್ಕಡಿ ಹಿಡಿದವಳು ಹಾಗೇ ನೋಡುತ್ತಿದ್ದಾಳೆ, ಸೈಕಲ್ ರಿಕ್ಷಾದವನು ಇಳಿದು ನಿಂತ, ಭಯಕ್ಕೋ, ಗುರುತು ಸಿಗದೆಯೋ. ಏನು ಹೇಳಲಿ. ಕ್ಷಮೆ ಬೇಡುವ ಮಾತು ಇದೆ, ದಿನಾ ಮಕ್ಕಳು ಹೇಳುವುದು, ದೇಹದಿಂದ ಮಾಡಿದ್ದು, ಮಾತಿನಿಂದ ಮಾಡಿದ್ದು, ಮನಸ್ಸಿನಿಂದ ಮಾಡಿದ್ದು, ಅದನ್ನು ಹೇಳಿದರೆ ಸಾಕಲ್ಲ, ಎಲ್ಲ ಅದರಲ್ಲೇ ಬಂತಲ್ಲ — ಬರಲಿಲ್ಲ, ಕ್ಯಾ ಹ್ಲನ ಚೀವರ ಎಳೆದದ್ದು ನನ್ನ ದೇಹವಲ್ಲ, ಇಬ್ಬರು ಪೊಲೀಸರು, ನಾನು ಕೈಬೀಸಿದೆ, ಅಷ್ಟೇ, ಅವನು ಎದೆಗೆ ಕೈ ಕಟ್ಟಿಕೊಂಡು ಚಡ್ಡಿಯಲ್ಲಿ ನಿಂತ, ನಾಚಿಕೆಗಲ್ಲ, ಚಳಿ, ಬೆಟ್ಟದ ಕಲ್ಲುಕ್ವಾರಿಗೆ ಕಳಿಸಿ ಎಂದೆ, ಓಡಿಹೋದ ಸಿಪಾಯಿಗೆ ಕೊಡುವ ಶಿಕ್ಷೆ ಅದು, ಕಾನೂನು ಇದೆ, ಕಡಿಮೆಯೇ ಕೊಟ್ಟೆ, ಮೊದಲ ಮಳೆಗಾಲ ದಾಟಲಿಲ್ಲ ಎಂದು ವರದಿ ಬಂತು, ಓಡಿಹೋದ ಸಿಪಾಯಿ ಕ್ಯಾ ಹ್ಲ ಎಂದು, ಹಾಗೆ ಬರೆದದ್ದೇ ನ್ಯಾಯ, ಹಾಗಲ್ಲದೆ ಬೇರೆ ಏನಾದರೂ ಆಗಿದ್ದರೆ — ಆಗಿದ್ದರೆ ಅದಕ್ಕೆ ಈ ಜನ್ಮ ಸಾಲದು, ನರಕಗಳು ಸಾಲವು. ಅವನ ಚೀವರ ಎಳೆಸಿದ ಮರುದಿನ ಬೆಳಗ್ಗೆಯೇ ನ್ವೇ ಯಿನ್ ಮೊದಲ ಸಲ ಅನ್ನ ಹಿಡಿದು ಗೇಟಿಗೆ ಹೋದದ್ದು.

ವಿಹಾರದ ಅಂಗಳ, ಗುಡಿಸಿದ ಮರಳು, ಚಪ್ಪರದ ಕೆಳಗೆ ಊಟ ಮುಗಿಸಿದ ಭಿಕ್ಷುಗಳು ಪಾತ್ರೆ ತೊಳೆಯುತ್ತಿದ್ದಾರೆ, ಕಂದಿದ ತಲೆಗಳು, ಕಣ್ಣು ತಾನೇ ಸಾಲಿನ ಮೇಲೆ ಹರಿಯುತ್ತದೆ, ಹುಡುಕುತ್ತದೆ, ಏನನ್ನು ಹುಡುಕುತ್ತೀ, ಇಲ್ಲಿ ಇಲ್ಲ ಅವನು. ವಿಹಾರದ ಹಿರಿಯ ಗುರು, ವೃದ್ಧ ಸಯಾಡೋ, ಅರಳಿಕಟ್ಟೆಯ ಮೇಲೆ ಕೂತಿದ್ದಾರೆ, ಮಡಿಲಲ್ಲಿ ಪಾತ್ರೆ, ಕಣ್ಣಿಗೆ ಪೊರೆ ಬಂದಿದೆ, ಆದರೂ ಹೆಜ್ಜೆ ಕೇಳಿಯೇ ಗುರುತು ಹಿಡಿದರು. ಬಾ ದಾಯಕ, ಬಿಸಿಲಲ್ಲಿ ನಿಲ್ಲಬೇಡ. ಮಂಡಿ ಊರಿತು. ಇಷ್ಟು ಸುಲಭವಾಗಿತ್ತೇ, ಅವಳು ಕೇಳಿದಳಲ್ಲ ಎಷ್ಟು ಹೊತ್ತು ಬೇಕು ಎಂದು. ಭಂತೇ, ಹೆಂಡತಿ ಹೋಗಿದಾಳೆ, ಇವತ್ತು ಏಳನೇ ದಿನ. ಗೊತ್ತು, ಆ ತಾಯಿ ಗೇಟಲ್ಲಿ ನಿಂತಿರ್ತಿದ್ದಳು, ಪ್ರತಿ ಸಲ ಪಾತ್ರೆ ಮಗುಚುವಾಗ ನನ್ನ ಕೈ ಸೋಲ್ತಿತ್ತು. ಹೊತ್ತಾಗ್ತಿದೆ ಭಂತೇ, ದಯವಿಟ್ಟು. ಹೊತ್ತು ನಮ್ಮ ಕೈಲಿಲ್ಲ ದಾಯಕ, ವಿಧಿ ಚಿಕ್ಕದು, ತಪ್ಪನ್ನ ಅದರ ಹೆಸರಿಂದ ಕರಿ, ಸಾಕು, ಬೇರೇನೂ ಬೇಡ. ಹೆಸರು. ದೇಶ ಹೋಳಾಗುತ್ತಿತ್ತು, ಎನ್ನಲು ಹೋದ, ಬರಲಿಲ್ಲ, ಕ್ಯಾ ಹ್ಲ, ಎಂದ. ಪಾತ್ರೆ ತೊಳೆಯುತ್ತಿದ್ದವರ ಕೈ ನಿಂತಿತು. ಸಯಾಡೋ ಮುಖ ಎತ್ತಿದರು. ಅವನು ಯಾರು, ಸಿಪಾಯಿಯೋ, ಭಿಕ್ಷುವೋ. ಮೆಲ್ಲಗೆ ಕೇಳಿದರು, ಮಗುವಿಗೆ ಪಾಠ ಕೇಳುವ ಹಾಗೆ. ಸಿಪಾಯಿ ಎಂದರೆ ನಾನು ಮಾಡಿದ್ದು ಶಿಸ್ತು, ಎದ್ದು ಹೋಗಬಹುದು, ಬೆನ್ನು ನೆಟ್ಟಗೆ, ಅವಳು ಮನೆಯಲ್ಲಿ ಗೋಡೆಯಿಂದ ಗೋಡೆಗೆ — ಇನ್ನೊಂದು ಮಾತು ಎಂದರೆ, ಎಂದರೆ, ಶಾಲೆಯ ಗೋಡೆಗಳಿಂದ ಆ ಚಿತ್ರ ಕೆಳಗೆ ಬೀಳುತ್ತದೆ, ಗಾಜು ಒಡೆಯುತ್ತದೆ, ಎಲ್ಲ ಊರಲ್ಲೂ ಒಮ್ಮೆಗೇ, ಅಪ್ಪ ರಾಳದ ಕೈ ಎತ್ತಿ ನೋಡುತ್ತಾನೆ, ಚಹಾದ ತಟ್ಟೆ ನೆಲದಲ್ಲಿ, ಅವಳ ಬಾಗಿದ ಬೆನ್ನು, ಅವಳ ಮೇಲೆ ಬಾಗಿದ ಆ ತಲೆ, ಕಿಟಕಿಯ ಬೆಳಕು, ನೋಡಿದೆ, ಬಲದಿಂದ ಎಡಕ್ಕೆ ನೋಡಿದೆ, ಎರಡು ಸಲ ನೋಡಿದೆ, ಮಡಕೆಯ ಬಣ್ಣ, ನೆತ್ತಿಯಿಂದ ಹುಬ್ಬಿನವರೆಗೆ ಒಂದೇ, ಅವತ್ತೇ ನೋಡಿದ್ದೆ, ಅವತ್ತೇ ಗೊತ್ತಿತ್ತು, ಗೆರೆ ಇರಲಿಲ್ಲ ಭಂತೇ, ಎಂದ ಥೌಂಗ್ ಪೆ, ಆ ತಲೆಯ ಮೇಲೆ ಟೋಪಿಯ ಗೆರೆ ಇರಲಿಲ್ಲ, ಇರಲಿಲ್ಲ, ಗೆರೆ ಇರಲಿಲ್ಲ.